ಆಫೆನ್ಸಿವ್ ಲೈನ್‌ಮನ್‌ನ ಬಲಾಬಲ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ತಮ್ಮವರ ಕೈಯಲ್ಲಿರುವಾಗ ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐವರಿಗೆ ಆಫೆನ್ಸಿವ್ ಲೈನ್‌ಮನ್‌ಗಳೆಂದು ಹೆಸರು. ನಡುವೆ ಸೆಂಟರ್, ಅವನ ಇಕ್ಕೆಲಗಳಲ್ಲಿ ಇಬ್ಬರು ಗಾರ್ಡ್‌ಗಳು, ತುದಿಗಳಲ್ಲಿ ಇಬ್ಬರು ಟ್ಯಾಕಲ್‌ಗಳು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇವರ ತೂಕ ಸಾಮಾನ್ಯವಾಗಿ 300 ಪೌಂಡ್, ಅಂದರೆ 136 ಕಿಲೋ ದಾಟಿರುತ್ತದೆ. ಎತ್ತರ ಆರಡಿಗೂ ಮೇಲೆ ಮೂರರಿಂದ ಎಂಟು ಇಂಚು. ಅಂಗಿಯ ಸಂಖ್ಯೆ 50ರಿಂದ 79ರೊಳಗೆ. ರೆಫರಿಗೆ ಮೊದಲೇ ತಿಳಿಸಿದ ಹೊರತು, ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಇವರಿಗಿಲ್ಲ. ಹೀಗಾಗಿ ಇವರ ಹೆಸರಿನ ಮುಂದೆ ಬರೆದುಕೊಳ್ಳಲು ಅಂಕಗಳಿಲ್ಲ, ಓಡಿದ ದೂರದ ಲೆಕ್ಕವಿಲ್ಲ. ಅಧಿಕೃತ ದಾಖಲೆಯಲ್ಲಿ ಉಳಿಯುವುದು ಆಡಿದ ಪಂದ್ಯಗಳ ಎಣಿಕೆ ಮತ್ತು ಮಾಡಿದ ತಪ್ಪಿಗೆ ಬಿದ್ದ ದಂಡ, ಅಷ್ಟೆ.

ಇಂಥವನನ್ನು ಅಳೆಯುವುದು ಹೇಗೆ ಎಂಬುದು ಈ ಆಟದ ಹಳೆಯ ತಲೆನೋವು. ನಮ್ಮೂರ ತೇರಿನಲ್ಲಿ ಸನ್ನೆಗೋಲು ಹಿಡಿದು ಗಾಲಿಯ ಪಕ್ಕ ನಡೆಯುವವನನ್ನು ತೇರು ವಾಲಿದ ದಿನ ಮಾತ್ರ ಜನ ಹುಡುಕುತ್ತಾರೆ. ಲೈನ್‌ಮನ್‌ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಒಂದು ಪಂದ್ಯದಲ್ಲಿ ಅರವತ್ತೆಪ್ಪತ್ತು ಸಲ ಚೆಂಡು ಎತ್ತಿದರೆ ಅಷ್ಟೂ ಸಲ ಅವನು ಒಬ್ಬನಿಗೆ ಎದೆ ಕೊಡುತ್ತಾನೆ. ಅರವತ್ತೊಂಬತ್ತು ಸಲ ಗೆದ್ದರೆ ಯಾರೂ ಹೆಸರು ಹೇಳುವುದಿಲ್ಲ. ಒಂದು ಸಲ ಸೋತರೆ ಅದನ್ನೇ ನಿಧಾನಗತಿಯಲ್ಲಿ ನಾಲ್ಕು ಬಾರಿ ತೋರಿಸುತ್ತಾರೆ. ಕಂಡ ಸೋಲು ಕೂಡ ಎಷ್ಟೋ ಸಲ ಅವನದಾಗಿರುವುದಿಲ್ಲ. ಆದ್ದರಿಂದ ಲೈನ್‌ಮನ್‌ನ ಬಲಾಬಲ ನೋಡುವವನ ಮೊದಲ ಕೆಲಸ ತಪ್ಪು ಯಾರದೆಂದು ಹಂಚುವುದು. ಗುಣದ ಪಟ್ಟಿ ಬರೆಯುವುದು ಆಮೇಲಿನ ಮಾತು.

ಆಟದ ಚೌಕಟ್ಟು

ಚೆಂಡು ಹಿಡಿದ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶ. ಪ್ರತಿ ಸಲವೂ ಸೆಂಟರ್ ತನ್ನ ಕಾಲುಗಳ ನಡುವಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಇದು ಸ್ನ್ಯಾಪ್. ಚೆಂಡು ಪಡೆದ ಕ್ವಾರ್ಟರ್‌ಬ್ಯಾಕ್ ಒಂದೋ ಅದನ್ನು ಎಸೆಯುತ್ತಾನೆ, ಇಲ್ಲವೇ ಓಡುವವನ ಕೈಗೆ ದಾಟಿಸುತ್ತಾನೆ. ಎಸೆತವಾದರೆ ಲೈನ್‌ಮನ್ ಹಿಂದೆ ಸರಿಯುತ್ತಾ ತಡೆಯಬೇಕು, ಓಟವಾದರೆ ಮುಂದೆ ನುಗ್ಗಿ ದಾರಿ ಮಾಡಬೇಕು. ಇವೆರಡೂ ಬೇರೆಬೇರೆ ಕಸುಬುಗಳು. ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ಸಾಧಾರಣನಾಗಿರುವುದು ಅಪರೂಪವೇನಲ್ಲ.

ಕೈ ಬಳಸುವ ನಿಯಮ 1978ರಲ್ಲಿ ಬದಲಾಯಿತು. ಅಲ್ಲಿಯವರೆಗೆ ಎಸೆತದ ರಕ್ಷಣೆಯಲ್ಲಿ ಲೈನ್‌ಮನ್ ಕೈಗಳನ್ನು ಎದೆಯ ಹತ್ತಿರವೇ ಮಡಿಸಿಕೊಂಡಿರಬೇಕಿತ್ತು. ಆ ವರ್ಷದಿಂದ ತೋಳು ಚಾಚಿ, ಅಂಗೈ ಬಿಚ್ಚಿ ತಳ್ಳಲು ಅನುಮತಿ ಸಿಕ್ಕಿತು. ಉದ್ದ ತೋಳಿಗೆ ಈ ಉದ್ಯೋಗದಲ್ಲಿ ಬೆಲೆ ಬಂದದ್ದಕ್ಕೆ ಈ ತಿದ್ದುಪಡಿ ದೊಡ್ಡ ಕಾರಣ. ಎದುರಾಳಿಯ ದೇಹದ ಹೊರಗೆ ಕೈ ಹಾಕಿ ಎಳೆದರೆ, ಅಂಗಿ ಹಿಡಿದು ತಡೆದರೆ ಹೋಲ್ಡಿಂಗ್. ಹತ್ತು ಯಾರ್ಡ್ ದಂಡ. ಸ್ನ್ಯಾಪ್‌ಗೆ ಮೊದಲೇ ಮಿಸುಕಿದರೆ ಫಾಲ್ಸ್ ಸ್ಟಾರ್ಟ್, ಐದು ಯಾರ್ಡ್.

ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿ ನಿಂತಾಗ ಅವನ ಎಡಭಾಗ ಬೆನ್ನ ಹಿಂದಾಗುತ್ತದೆ. ಆ ಕುರುಡು ಬದಿಯನ್ನು ಕಾಯುವವನು ಎಡ ಟ್ಯಾಕಲ್. 1985ರ ನವೆಂಬರ್ 18ರ ರಾತ್ರಿ ವಾಷಿಂಗ್ಟನ್ ತಂಡದ ಜೋ ಥೈಸ್‌ಮನ್ ಅವರ ಕಾಲು ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಅವರ ಹೊಡೆತಕ್ಕೆ ಮುರಿಯಿತು. ದೇಶವಿಡೀ ಟಿವಿಯಲ್ಲಿ ಅದನ್ನು ನೋಡಿತು. ಥೈಸ್‌ಮನ್ ಮತ್ತೆ ಆಡಲಿಲ್ಲ. ಮೈಕೆಲ್ ಲೂಯಿಸ್ 2006ರಲ್ಲಿ ಬರೆದ 'ದಿ ಬ್ಲೈಂಡ್ ಸೈಡ್' ಪುಸ್ತಕ ಈ ಘಟನೆಯಿಂದಲೇ ಶುರುವಾಗಿ, ಎಡ ಟ್ಯಾಕಲ್‌ನ ಸಂಬಳ ಏಕೆ ಏರಿತೆಂದು ವಿವರಿಸುತ್ತದೆ. ಪುಸ್ತಕ ಜನಪ್ರಿಯವಾದಷ್ಟೂ ಬಲ ಟ್ಯಾಕಲ್ ಎರಡನೆಯ ದರ್ಜೆಯವನು ಎಂಬ ಭಾವನೆಯೂ ಗಟ್ಟಿಯಾಯಿತು. ಆದರೆ ಈಗಿನ ರಕ್ಷಣಾ ತಂಡಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ತಮ್ಮ ಶ್ರೇಷ್ಠ ದಾಳಿಕಾರನನ್ನು ಎದುರಾಳಿಯ ದುರ್ಬಲ ಬದಿ ಹುಡುಕಿ ನಿಲ್ಲಿಸುತ್ತವೆ. 2016ರ ಫೆಬ್ರವರಿಯಲ್ಲಿ ನಡೆದ, ಲೀಗ್‌ನ ಅಂತಿಮ ಪಂದ್ಯವಾದ 50ನೆಯ ಸೂಪರ್ ಬೌಲ್‌ನಲ್ಲಿ ಡೆನ್ವರ್‌ನ ವಾನ್ ಮಿಲ್ಲರ್ ಕೆರೊಲೈನಾದ ಬಲ ಟ್ಯಾಕಲ್ ಮೈಕ್ ರೆಮ್ಮರ್ಸ್ ಅವರನ್ನು ದಾಟಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಕಿತ್ತರು. ಪಂದ್ಯ 24–10ರಲ್ಲಿ ಮುಗಿಯಿತು. ರೆಮ್ಮರ್ಸ್ ಅವರ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

ಎರಡೂವರೆ ಸೆಕೆಂಡಿನೊಳಗೆ

ಎಸೆತದ ರಕ್ಷಣೆಯನ್ನು ಹತ್ತಿರದಿಂದ ನೋಡಿದರೆ ದೌರ್ಬಲ್ಯ ಎಲ್ಲೆಲ್ಲಿ ಅಡಗಿರುತ್ತದೆಂದು ತಿಳಿಯುತ್ತದೆ. ಎಡ ಟ್ಯಾಕಲ್‌ನನ್ನೇ ತೆಗೆದುಕೊಳ್ಳೋಣ. ಮೊಣಕಾಲು ಬಾಗಿಸಿ ಕುರ್ಚಿಯ ಅಂಚಿನಲ್ಲಿ ಕುಳಿತವನಂತೆ ನಿಂತಿದ್ದಾನೆ. ಸ್ನ್ಯಾಪ್ ಆದ ಕೂಡಲೇ ಹೊರಗಾಲಿನಿಂದ ಹಿಂದಕ್ಕೆ ಒದ್ದು ಒಳಗಾಲನ್ನು ನೆಲಕ್ಕೆ ಸವರಿದಂತೆ ಎಳೆದುಕೊಳ್ಳುತ್ತಾನೆ. ಇದಕ್ಕೆ ಕಿಕ್ ಸ್ಲೈಡ್ ಎನ್ನುತ್ತಾರೆ. 136 ಕಿಲೋ ಮೀರಿದ ಮನುಷ್ಯ ಹಿಮ್ಮುಖವಾಗಿ ಜಾರುತ್ತಿದ್ದಾನೆ. ಅವನಿಗಿಂತ 25 ಕಿಲೋ ಹಗುರವಾದ ದಾಳಿಕಾರ ಮುಮ್ಮುಖವಾಗಿ ಓಡಿ ಬರುತ್ತಿದ್ದಾನೆ. ಇಬ್ಬರೂ ತಲುಪಬೇಕಾದದ್ದು ಕ್ವಾರ್ಟರ್‌ಬ್ಯಾಕ್‌ನ ಪಕ್ಕದ ಒಂದೇ ಜಾಗ. ಮೂರನೆಯ ಹೆಜ್ಜೆಯ ಹೊತ್ತಿಗೆ ಟ್ಯಾಕಲ್ ಅಲ್ಲಿಗೆ ಮೊದಲು ಮುಟ್ಟಿದ್ದರೆ ಅರ್ಧ ಗೆದ್ದಂತೆ.

ಆಮೇಲೆ ಕೈ. ಹೆಬ್ಬೆರಳು ಮೇಲಾಗಿ, ಮೊಣಕೈ ಪಕ್ಕೆಗೆ ಒತ್ತಿ, ಎದುರಾಳಿಯ ಎದೆಯ ನಡುವಿಗೆ ಅಂಗೈ ಬಡಿಯಬೇಕು. ಇದು ಪಂಚ್. ಅರೆಕ್ಷಣ ಮುಂಚೆ ಬಡಿದರೆ ದಾಳಿಕಾರ ಆ ಕೈಯನ್ನು ತಟ್ಟಿ ಹಾಕುತ್ತಾನೆ, ಟ್ಯಾಕಲ್ ಸೊಂಟಕ್ಕಿಂತ ತಲೆ ಮುಂದಾಗಿ ಮುಗ್ಗರಿಸುತ್ತಾನೆ. ಅರೆಕ್ಷಣ ತಡವಾದರೆ ದಾಳಿಕಾರನ ಕೈಯೇ ಒಳಗೆ ಬಂದಿರುತ್ತದೆ. ಆಗ ಶುರುವಾಗುವುದು ಬುಲ್ ರಷ್: ಗೂಳಿಯಂತೆ ಎದೆಗೆ ಗುಮ್ಮಿ ಹಿಂದಕ್ಕೆ ನೂಕುವುದು. ಅದನ್ನು ನಿಲ್ಲಿಸಲು ಸೊಂಟ ಇಳಿಸಿ, ಹಿಮ್ಮಡಿ ಊರಿ ನೆಲೆ ಹಿಡಿಯಬೇಕು. ಇಂಗ್ಲಿಷಿನವರು ಇದಕ್ಕೆ ಲಂಗರಿನ ಹೆಸರಿಟ್ಟು ಆಂಕರ್ ಎನ್ನುತ್ತಾರೆ. ನೂಕಿನ ನಡುವೆ ದಾಳಿಕಾರ ತಟ್ಟನೆ ಒಳಕ್ಕೆ ತಿರುಗಬಹುದು. ಹೊರಗಿನ ವೇಗಕ್ಕೆ ಹೆದರಿ ಟ್ಯಾಕಲ್ ಮೊದಲೇ ಸೊಂಟ ತೆರೆದು ಬಾಗಿಲಿನಂತೆ ತಿರುಗಿಬಿಟ್ಟಿದ್ದರೆ ಒಳದಾರಿ ಖಾಲಿ. ಇಷ್ಟೆಲ್ಲ ಮುಗಿಯುವುದು ಸುಮಾರು ಎರಡೂವರೆ ಸೆಕೆಂಡಿನಲ್ಲಿ.

ಕೊನೆಗೆ ಕಾಣುವುದು ಒಂದೇ ದೃಶ್ಯ, ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದದ್ದು. ಆದರೆ ಜ್ವರವೊಂದೇ ಆದರೂ ಕಾಯಿಲೆ ಬೇರೆಬೇರೆ. ಹೆಜ್ಜೆ ನಿಧಾನವೋ, ಕೈ ಹೊತ್ತು ತಪ್ಪಿತೋ, ಕಾಲಿನಲ್ಲಿ ಕಸುವಿಲ್ಲವೋ, ಎದುರಾಳಿಗಳಿಬ್ಬರು ಜಾಗ ಅದಲುಬದಲು ಮಾಡಿದ್ದನ್ನು ಕಣ್ಣು ಗುರುತಿಸಲಿಲ್ಲವೋ ಎಂದು ಬೇರ್ಪಡಿಸದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಏಕೆಂದರೆ ಇವುಗಳಲ್ಲಿ ಕೆಲವಕ್ಕೆ ಮದ್ದುಂಟು, ಕೆಲವಕ್ಕಿಲ್ಲ. ಕೈಯ ಹೊತ್ತನ್ನು ಒಳ್ಳೆಯ ಕೋಚ್ ಒಂದೆರಡು ವರ್ಷದಲ್ಲಿ ತಿದ್ದಬಲ್ಲ. ಕಾಲಿನ ಕಸುವನ್ನು ಜಿಮ್ ಕೊಡುತ್ತದೆ. ಕಣ್ಣಿನ ಪಳಗುವಿಕೆ ಆಡುತ್ತಾ ಆಡುತ್ತಾ ಬರುತ್ತದೆ. ಕಣಕಾಲು, ಸೊಂಟಗಳ ಬಿಗಿತ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ತೋಳಿನ ಉದ್ದವಂತೂ ಸರಿಯೇ ಸರಿ.

ಹೋಲ್ಡಿಂಗ್ ದಂಡವನ್ನು ಈ ಬೆಳಕಿನಲ್ಲೇ ಓದಬೇಕು. ಕೈಯ ಕೆಟ್ಟ ಚಾಳಿಗೆ ಬಿದ್ದ ದಂಡ ಕಡಿಮೆ, ಕಾಲು ಸೋತ ಮೇಲೆ ಕೈ ಮಾಡಿದ ಗಾಬರಿಯ ಕೆಲಸಕ್ಕೆ ಬಿದ್ದದ್ದೇ ಹೆಚ್ಚು.

ಓಟದ ಆಟದಲ್ಲಿ

ಓಟಕ್ಕೆ ದಾರಿ ಮಾಡುವಾಗ ಕೆಳಗಿನವನೇ ಗೆಲ್ಲುತ್ತಾನೆ: ಯಾರ ಭುಜ ಯಾರ ಭುಜಕ್ಕಿಂತ ತಗ್ಗಿನಲ್ಲಿದೆಯೋ ಅವನ ಬಲ ಮೇಲು. ಗರಡಿಯಲ್ಲಿ ಮಣ್ಣು ಮುಕ್ಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಸ್ತಿ ಹಿನ್ನೆಲೆಯಿದ್ದ ಹುಡುಗರನ್ನು ಪ್ರತಿಭೆ ಹುಡುಕುವ ಸ್ಕೌಟ್‌ಗಳು ಇಷ್ಟಪಡುವುದೂ ಅದಕ್ಕೇ. ಸ್ಟೀಫನ್ ನೀಲ್ ಎಂಬವರು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ. 1999ರಲ್ಲಿ ಫ್ರೀಸ್ಟೈಲ್ ಕುಸ್ತಿಯ ವಿಶ್ವ ಚಾಂಪಿಯನ್ ಆದ ಮೇಲೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿ, ಗಾರ್ಡ್ ಆಗಿ ಪಳಗಿ, ಸೂಪರ್ ಬೌಲ್ ಗೆದ್ದ ತಂಡದಲ್ಲಿ ಆಡಿದರು.

ಆದರೆ ಓಟದ ಆಟದಲ್ಲಿ ಲೈನ್‌ಮನ್‌ನ ಯೋಗ್ಯತೆ ತಂಡದ ಪದ್ಧತಿಯ ಮೇಲೆ ನಿಂತಿದೆ. ಮುಖ್ಯವಾಗಿ ಎರಡು ಪದ್ಧತಿ. ಒಂದರಲ್ಲಿ ನಿರ್ದಿಷ್ಟ ಸಂದಿಯನ್ನು ಮೊದಲೇ ಗೊತ್ತುಮಾಡಿ, ಒಬ್ಬ ಗಾರ್ಡ್ ಸಾಲಿನ ಹಿಂದೆ ಅಡ್ಡ ಓಡಿ ಬಂದು ಅಲ್ಲಿರುವವನನ್ನು ಕಿತ್ತೊಗೆಯುತ್ತಾನೆ. 1960ರ ದಶಕದಲ್ಲಿ ವಿನ್ಸ್ ಲಂಬಾರ್ಡಿ ಅವರ ಗ್ರೀನ್ ಬೇ ಪ್ಯಾಕರ್ಸ್ ಇದನ್ನೇ ಕಲೆಯಾಗಿಸಿತ್ತು. ಗಾರ್ಡ್‌ಗಳಾದ ಜೆರಿ ಕ್ರೇಮರ್ ಮತ್ತು ಫಝಿ ಥರ್ಸ್ಟನ್ ಓಡುವವನ ಮುಂದೆ ಜೋಡಿಯಾಗಿ ಬರುತ್ತಿದ್ದುದು ಆ ಕಾಲದ ಪ್ರಸಿದ್ಧ ಚಿತ್ರ. ಇನ್ನೊಂದು ಝೋನ್ ಪದ್ಧತಿ. ಐವರೂ ಒಂದೇ ದಿಕ್ಕಿಗೆ ಸರಿದು, ತಮ್ಮ ತಮ್ಮ ಪಾಲಿನ ಜಾಗಕ್ಕೆ ಯಾರು ಬಂದರೆ ಅವನನ್ನು ತಡೆಯುತ್ತಾರೆ. ಓಡುವವನು ಸಂದಿ ಕಂಡಲ್ಲಿ ನುಗ್ಗುತ್ತಾನೆ. 1990ರ ದಶಕದ ಡೆನ್ವರ್‌ನಲ್ಲಿ ಕೋಚ್ ಅಲೆಕ್ಸ್ ಗಿಬ್ಸ್ ಉಳಿದ ತಂಡಗಳು ಚಿಕ್ಕವರೆಂದು ಬಿಟ್ಟಿದ್ದ ಚುರುಕು ಕಾಲಿನ ಲೈನ್‌ಮನ್‌ಗಳನ್ನೇ ಆರಿಸಿಕೊಂಡರು. ಆ ಸಾಲಿನ ಹಿಂದೆ ಓಡಿದ ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಗಳಿಸಿದರು.

ಫಿಲಡೆಲ್ಫಿಯಾ ಈಗಲ್ಸ್‌ನ ಸೆಂಟರ್ ಜೇಸನ್ ಕೆಲ್ಸಿ ಅವರ ಕಥೆ ಇದಕ್ಕೆ ಒಳ್ಳೆಯ ಪುರಾವೆ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ಗೆ 2011ರಲ್ಲಿ ಬಂದಾಗ ಅವರ ತೂಕ 280 ಪೌಂಡ್‌ನ ಆಸುಪಾಸು. ಆರನೆಯ ಸುತ್ತಿನವರೆಗೆ, 191ನೆಯ ಆಯ್ಕೆಯವರೆಗೆ ಯಾರೂ ಕರೆಯಲಿಲ್ಲ. ಕೇಳಿಬಂದ ದೂರು ನಿಜವೇ ಆಗಿತ್ತು: ಎದುರು ಬೆಟ್ಟದಂಥ ಆಳು ನಿಂತರೆ ಅವರನ್ನು ಹಿಂದಕ್ಕೆ ನೂಕಬಹುದಿತ್ತು. ತಂಡ ಅಂಥ ಕಡೆ ಪಕ್ಕದ ಗಾರ್ಡ್‌ನ ನೆರವು ಕೊಟ್ಟು, ಅವರ ಓಟವನ್ನು ಬಳಸಿಕೊಂಡಿತು. ಸೆಂಟರ್ ಒಬ್ಬ ಸಾಲು ಬಿಟ್ಟು ಹೊರಗೆ ಓಡಿ ಇಪ್ಪತ್ತು ಯಾರ್ಡ್ ಆಚೆ ಒಬ್ಬನನ್ನು ಕೆಡವುವುದು ಈಗಲ್ಸ್ ಆಟದ ನಿತ್ಯದ ನೋಟವಾಯಿತು. 2024ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಆರು ಸಲ ಲೀಗ್‌ನ ಶ್ರೇಷ್ಠ ಸೆಂಟರ್ ಎಂದು ಆಲ್-ಪ್ರೊ ಮೊದಲ ತಂಡದಲ್ಲಿ ಸ್ಥಾನ ಪಡೆದಿದ್ದರು. ಅವರ ದೌರ್ಬಲ್ಯ ಕೊನೆಯವರೆಗೂ ಹೋಗಲಿಲ್ಲ, ಅದು ಕಾಣದಂತೆ ಆಟ ಕಟ್ಟಲಾಯಿತು. ಸೆಂಟರ್‌ಗೆ ಇನ್ನೊಂದು ಹೊಣೆಯೂ ಇದೆ. ಎದುರಾಳಿ ಎಲ್ಲಿಂದ ಬರುತ್ತಾನೆಂದು ಊಹಿಸಿ, ಯಾರು ಯಾರನ್ನು ಹಿಡಿಯಬೇಕೆಂದು ಉಳಿದ ನಾಲ್ವರಿಗೆ ಕೂಗಿ ಹೇಳುವವನು ಅವನೇ. ಈ ಬುದ್ಧಿಯನ್ನು ಅಳೆಯುವ ಪಟ್ಟಿ ಇನ್ನೂ ಹುಟ್ಟಿಲ್ಲ.

ಟೇಪು, ತಕ್ಕಡಿ, ಗಡಿಯಾರ

1987ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಇಂಡಿಯಾನಪೊಲಿಸ್‌ನಲ್ಲಿ ಕಾಲೇಜು ಆಟಗಾರರ ಪರೀಕ್ಷಾ ಮೇಳ ನಡೆಯುತ್ತದೆ. ಹೆಸರು ಸ್ಕೌಟಿಂಗ್ ಕಾಂಬೈನ್. ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ ಅಳೆಯುತ್ತಾರೆ. 40 ಯಾರ್ಡ್ ಓಡಿಸುತ್ತಾರೆ, 225 ಪೌಂಡ್ ಭಾರವನ್ನು ಮಲಗಿ ಎಷ್ಟು ಸಲ ಎತ್ತುತ್ತಾನೆಂದು ಎಣಿಸುತ್ತಾರೆ, ನಿಂತಲ್ಲೇ ಜಿಗಿಸುತ್ತಾರೆ. ಲೈನ್‌ಮನ್ 40 ಯಾರ್ಡ್ ನೇರವಾಗಿ ಓಡುವ ಪ್ರಸಂಗ ಪಂದ್ಯದಲ್ಲಿ ಬರುವುದೇ ಇಲ್ಲ ಎನ್ನಬಹುದು. ಅನುಭವಿ ಸ್ಕೌಟ್‌ಗಳು ಅದರ ಮೊದಲ 10 ಯಾರ್ಡ್‌ನ ಹೊತ್ತನ್ನಷ್ಟೇ ಬರೆದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಈ ಮೇಳದ ಅತ್ಯಂತ ಬೆಲೆಬಾಳುವ ಭಾಗ ಟಿವಿಯಲ್ಲಿ ಕಾಣದ ವೈದ್ಯಕೀಯ ತಪಾಸಣೆ. ಭುಜ, ಮೊಣಕಾಲು, ಬೆನ್ನು ಎಷ್ಟು ವರ್ಷ ಬಾಳುತ್ತವೆ ಎಂಬುದರ ಮೇಲೆ ಕೋಟಿಗಟ್ಟಲೆ ಡಾಲರ್ ನಿಂತಿರುತ್ತದೆ.

ಸಂಖ್ಯೆಗಳು ಎರಡೂ ದಿಕ್ಕಿನಲ್ಲಿ ಮೋಸ ಮಾಡಿವೆ. 1989ರಲ್ಲಿ ಮಿಷಿಗನ್ ಸ್ಟೇಟ್‌ನ ಟೋನಿ ಮ್ಯಾಂಡರಿಚ್ ಅವರನ್ನು ಪತ್ರಿಕೆಗಳು ಹಿಂದೆಂದೂ ಕಾಣದ ಲೈನ್‌ಮನ್ ಎಂದು ಹೊಗಳಿದವು. ಪ್ಯಾಕರ್ಸ್ ಎರಡನೆಯ ಆಯ್ಕೆಯಾಗಿ ಅವರನ್ನು ಪಡೆಯಿತು. ಆ ವರ್ಷದ ಮೊದಲ ಐದು ಆಯ್ಕೆಗಳಲ್ಲಿ ಉಳಿದ ನಾಲ್ವರು, ಟ್ರಾಯ್ ಐಕ್‌ಮನ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್, ಆಟದ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮ್ಯಾಂಡರಿಚ್ ನಾಲ್ಕು ಋತುಗಳಲ್ಲಿ ತಂಡದಿಂದ ಹೊರಬಿದ್ದರು. ಕಾಲೇಜಿನಲ್ಲಿ ಸ್ಟೀರಾಯ್ಡ್ ಬಳಸಿದ್ದನ್ನು ಎಷ್ಟೋ ವರ್ಷಗಳ ನಂತರ ಅವರೇ ಒಪ್ಪಿಕೊಂಡರು.

ಇದರ ತದ್ವಿರುದ್ಧ 2018ರ ಒರ್ಲಾಂಡೊ ಬ್ರೌನ್ ಜೂನಿಯರ್. ಒಕ್ಲಹೋಮಾದ ಈ ಟ್ಯಾಕಲ್ 40 ಯಾರ್ಡ್ ಓಡಲು 5.85 ಸೆಕೆಂಡ್ ತೆಗೆದುಕೊಂಡರು, 225 ಪೌಂಡನ್ನು ಎತ್ತಿದ್ದು 14 ಸಲ ಮಾತ್ರ. ಆ ಗಾತ್ರದ ಯುವಕನಿಗೆ ಇದು ನಾಚಿಕೆಯ ಅಂಕಿ. ಮೊದಲ ಸುತ್ತಿನಲ್ಲಿ ಹೋಗಬೇಕಿದ್ದವರು ಮೂರನೆಯ ಸುತ್ತಿಗೆ, 83ನೆಯ ಆಯ್ಕೆಗೆ ಜಾರಿದರು. ಬಾಲ್ಟಿಮೋರ್ ರೇವನ್ಸ್ ನೋಡಿದ್ದು ಬೇರೆ ಸಂಗತಿ: ಆರಡಿ ಎಂಟು ಇಂಚಿನ ದೇಹ, 35 ಇಂಚಿನ ತೋಳು. ಅವರನ್ನು ಸುತ್ತಿ ಬರಬೇಕಾದ ದಾಳಿಕಾರ ಅಷ್ಟು ಹೆಚ್ಚು ದೂರ ಓಡಬೇಕು, ಅಷ್ಟರಲ್ಲಿ ಚೆಂಡು ಕೈಬಿಟ್ಟಿರುತ್ತದೆ. ಎರಡನೆಯ ವರ್ಷವೇ ಅವರು ಋತುವಿನ ಶ್ರೇಷ್ಠ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದರು.

ತೋಳು ಗಿಡ್ಡವಾದರೆ ಟ್ಯಾಕಲ್‌ನನ್ನು ಗಾರ್ಡ್ ಮಾಡುವುದು ರೂಢಿ. ಟ್ಯಾಕಲ್‌ಗೆ 33 ಇಂಚು ಕನಿಷ್ಠ, 34 ಇಂಚು ಒಳ್ಳೆಯದು ಎಂಬ ಬಾಯಿಮಾತಿನ ಕಾನೂನಿದೆ. ನಾಟರ್ ಡೇಮ್‌ನಲ್ಲಿ ಟ್ಯಾಕಲ್ ಆಗಿದ್ದ ಝ್ಯಾಕ್ ಮಾರ್ಟಿನ್ ಅವರ ತೋಳು 33ಕ್ಕೆ ಕೂದಲೆಳೆಯಷ್ಟು ಕಡಿಮೆ. 2014ರಲ್ಲಿ ಡಲ್ಲಾಸ್ ಅವರನ್ನು ಬಲ ಗಾರ್ಡ್ ಜಾಗಕ್ಕೆ ಹಾಕಿತು. ಆ ಪೀಳಿಗೆಯ ಶ್ರೇಷ್ಠ ಗಾರ್ಡ್ ಯಾರೆಂದರೆ ಹೆಚ್ಚಿನವರು ಮೊದಲು ಹೇಳುವುದು ಅವರ ಹೆಸರನ್ನೇ.

ಪರೀಕ್ಷಾ ಮೇಳದ ಅಳತೆಗೆ ಸಿಗದ ಆಟಗಾರರೂ ಇದ್ದಾರೆ. ಜೇಸನ್ ಪೀಟರ್ಸ್ 2004ರಲ್ಲಿ ಡ್ರಾಫ್ಟ್‌ನ ಏಳೂ ಸುತ್ತುಗಳಲ್ಲಿ ಯಾರಿಗೂ ಬೇಡವಾಗಿದ್ದರು. ಕಾಲೇಜಿನಲ್ಲಿ ಅವರು ಚೆಂಡು ಹಿಡಿಯುವ ಟೈಟ್ ಎಂಡ್. ಟ್ಯಾಕಲ್ ಆದ ಮೇಲೆ ಒಂಬತ್ತು ಸಲ ಪ್ರೊ ಬೌಲ್‌ಗೆ ಹೋದರು. ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟಾ ರಗ್ಬಿ ಲೀಗ್ ಆಟಗಾರ. 2018ರಲ್ಲಿ ಈಗಲ್ಸ್ 233ನೆಯ ಆಯ್ಕೆಯಾಗಿ ಕರೆದಾಗ ಅವರು ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಎರಡು ವರ್ಷ ನಿಲ್ಲುವುದನ್ನೂ ನಡೆಯುವುದನ್ನೂ ಕಲಿಸಿದರು. ತಿದ್ದಬಹುದಾದ ದೌರ್ಬಲ್ಯ, ತಿದ್ದಲಾಗದ ದೌರ್ಬಲ್ಯ ಎಂಬ ಭೇದ ತಿಳಿದ ತಂಡ ಮಾತ್ರ ಇಂಥ ಪಣ ಕಟ್ಟಬಲ್ಲುದು.

ಫಿಲ್ಮ್ ಮತ್ತು ಅಂಕಿಅಂಶ

ಕೊನೆಗೂ ತೀರ್ಪು ಕೊಡುವುದು ಫಿಲ್ಮ್. ಟಿವಿ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ, ಹೀಗಾಗಿ ಲೈನ್‌ಮನ್‌ನ ಕಾಲು ಕಾಣುವುದಿಲ್ಲ. ತಂಡಗಳು ಬಳಸುವುದು ಮೈದಾನದ ತುದಿಯ ಎತ್ತರದಿಂದ ತೆಗೆದ ಚಿತ್ರವನ್ನು. ಅದರಲ್ಲಿ ಐವರ ಬೆನ್ನು, ಹೆಜ್ಜೆ, ನಡುವಿನ ಸಂದಿ ಎಲ್ಲವೂ ತೆರೆದುಕೊಳ್ಳುತ್ತವೆ. ಇಪ್ಪತ್ತೆರಡೂ ಆಟಗಾರರು ಕಾಣುವ ಇಂಥ ಚಿತ್ರಗಳು ಸಾಮಾನ್ಯ ವೀಕ್ಷಕರಿಗೆ ಸಿಗತೊಡಗಿದ್ದು 2012ರಿಂದ.

ಟಿವಿಯ ಮರುಪ್ರಸಾರ ಒಬ್ಬ ಲೈನ್‌ಮನ್‌ನ ಹಣೆಬರಹ ಬದಲಿಸಿದ್ದೂ ಉಂಟು. 1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಸೊನ್ನೆಗಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಪಂದ್ಯ ಮುಗಿಯಲು 16 ಸೆಕೆಂಡ್ ಇರುವಾಗ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ತಾವೇ ಚೆಂಡು ಹಿಡಿದು ಬಲ ಗಾರ್ಡ್ ಕ್ರೇಮರ್ ಅವರ ಬೆನ್ನ ಹಿಂದೆ ನುಗ್ಗಿ ಡಲ್ಲಾಸ್ ಮೇಲೆ 21–17ರ ಗೆಲುವು ತಂದರು. ಡಲ್ಲಾಸ್‌ನ ಜೆತ್ರೊ ಪ್ಯೂ ಅವರನ್ನು ಕ್ರೇಮರ್ ಎತ್ತಿದ ದೃಶ್ಯ ಮತ್ತೆ ಮತ್ತೆ ಪರದೆಯ ಮೇಲೆ ಬಂತು. ಮರುವರ್ಷ ಅವರ ಪುಸ್ತಕ ಹೊರಬಂದಾಗ ಹೆಸರು 'ಇನ್‌ಸ್ಟಂಟ್ ರಿಪ್ಲೇ'. ಆದರೆ ಆ ತಡೆಯಲ್ಲಿ ಸೆಂಟರ್ ಕೆನ್ ಬೌಮನ್ ಅವರದೂ ಒಂದು ಭುಜವಿತ್ತು. ಇಬ್ಬರು ಸೇರಿ ಒಬ್ಬನನ್ನು ಎತ್ತಿದರು, ಕೀರ್ತಿ ಒಬ್ಬರಿಗೆ ಸಂದಿತು. ಆ ಕ್ರೇಮರ್ ಕೂಡ ಹಾಲ್ ಆಫ್ ಫೇಮ್ ಸೇರಲು 2018ರವರೆಗೆ ಕಾಯಬೇಕಾಯಿತು.

ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಸ್ಯಾಕ್ ಅನ್ನು ದಾಳಿಕಾರನ ಹೆಸರಿಗೆ ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಬಿಟ್ಟುಕೊಟ್ಟವನ ಲೆಕ್ಕ ಇಂದಿಗೂ ಅಧಿಕೃತವಲ್ಲ. ಪ್ರೊ ಫುಟ್‌ಬಾಲ್ ಫೋಕಸ್ ಸಂಸ್ಥೆ ಪ್ರತಿ ಆಟಗಾರನ ಪ್ರತಿ ನಡೆಗೂ ಋಣ ಎರಡರಿಂದ ಧನ ಎರಡರವರೆಗೆ ಅಂಕ ಹಾಕಿ ಕೊನೆಗೆ ನೂರರ ಮಾಪಕಕ್ಕೆ ತರುತ್ತದೆ. ಇಎಸ್‌ಪಿಎನ್ ಆಟಗಾರರ ಭುಜಕವಚದಲ್ಲಿರುವ ಚಿಪ್‌ಗಳ ಮಾಹಿತಿ ಬಳಸಿ, ಲೈನ್‌ಮನ್ ತನ್ನವನನ್ನು ಎರಡೂವರೆ ಸೆಕೆಂಡ್ ಹಿಡಿದಿಟ್ಟನೇ ಎಂದು ಲೆಕ್ಕ ಹಾಕುತ್ತದೆ. ಫುಟ್‌ಬಾಲ್ ಔಟ್‌ಸೈಡರ್ಸ್ ರೂಪಿಸಿದ ಓಟದ ಲೆಕ್ಕದಲ್ಲಿ ಮೊದಲ ನಾಲ್ಕು ಯಾರ್ಡ್ ಪೂರ್ತಿ ಲೈನಿಗೆ, ಐದರಿಂದ ಹತ್ತರವರೆಗಿನವು ಅರ್ಧ, ಅದರಾಚೆಗಿನವು ಓಡಿದವನಿಗೆ.

ಇವುಗಳಿಂದ ಉಪಯೋಗವಿದೆ, ಆದರೆ ಅಳತೆ ಹಾಕುವವನಿಗೆ ತಂಡದ ಒಳಗುಟ್ಟು ಗೊತ್ತಿರುವುದಿಲ್ಲ. ಟ್ಯಾಕಲ್ ಬಿಟ್ಟದ್ದೆಂದು ಕಂಡ ಆಳನ್ನು ಆ ಸಲ ಗಾರ್ಡ್ ಹಿಡಿಯಬೇಕಿತ್ತೇನೋ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ನಾಲ್ಕು ಸೆಕೆಂಡ್ ಕೈಯಲ್ಲೇ ಇಟ್ಟುಕೊಂಡರೆ ದೇವರೇ ಬಂದರೂ ತಡೆಯಲಾಗದು; ಪೇಟನ್ ಮ್ಯಾನಿಂಗ್ ಅವರಂತೆ ಬೇಗ ಎಸೆಯುವವನಿದ್ದರೆ ಸಾಧಾರಣ ಲೈನ್‌ಮನ್ ಕೂಡ ಚೆನ್ನಾಗಿ ಕಾಣುತ್ತಾನೆ. ತಂಡದ ಸೋಲುಗೆಲುವಂತೂ ಅಳತೆಯೇ ಅಲ್ಲ. ಕ್ಲೀವ್‌ಲ್ಯಾಂಡ್‌ನ ಎಡ ಟ್ಯಾಕಲ್ ಜೋ ಥಾಮಸ್ 2007ರಿಂದ 2017ರವರೆಗೆ ಒಂದನ್ನೂ ತಪ್ಪಿಸದೆ ಸತತ 10,363 ಸ್ನ್ಯಾಪ್ ಆಡಿದರು, ಹತ್ತು ಸಲ ಪ್ರೊ ಬೌಲ್‌ಗೆ ಹೋದರು, 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಆ ಹನ್ನೊಂದು ವರ್ಷಗಳಲ್ಲಿ ಅವರ ತಂಡ ಒಮ್ಮೆಯೂ ಋತುವಿನ ಕೊನೆಯ ನಾಕ್‌ಔಟ್ ಘಟ್ಟವಾದ ಪ್ಲೇಆಫ್ ಮುಟ್ಟಲಿಲ್ಲ.

ಕಾನ್ಸಸ್ ಸಿಟಿಯ ಐದು ವರ್ಷ

ಮೇಲೆ ಹೇಳಿದ್ದೆಲ್ಲ ಒಂದೇ ಕಡೆ ಕೂಡಿಬಂದದ್ದು ಕಾನ್ಸಸ್ ಸಿಟಿ ಚೀಫ್ಸ್ ತಂಡದಲ್ಲಿ. 2021ರ ಫೆಬ್ರವರಿಯ 55ನೆಯ ಸೂಪರ್ ಬೌಲ್‌ಗೆ ಬರುವಷ್ಟರಲ್ಲಿ ಆ ತಂಡದ ಇಬ್ಬರು ಟ್ಯಾಕಲ್‌ಗಳಾದ ಎರಿಕ್ ಫಿಶರ್ ಮತ್ತು ಮಿಚೆಲ್ ಶ್ವಾರ್ಟ್ಸ್ ಗಾಯಗೊಂಡು ಹೊರಗಿದ್ದರು. ಗಾರ್ಡ್ ಲಾರೆಂಟ್ ಡುವರ್ನೆ-ಟಾರ್ಡಿಫ್ ವೈದ್ಯಕೀಯ ಪದವೀಧರರು. ಕೋವಿಡ್ ಸೇವೆಗೆಂದು ಇಡೀ ಋತುವನ್ನೇ ಬಿಟ್ಟು ಕೆನಡಾಕ್ಕೆ ಮರಳಿದ್ದರು. ಎಡ ಟ್ಯಾಕಲ್ ಜಾಗದಲ್ಲಿ ನಿಂತವರು ಐದು ವರ್ಷ ಹಿಂದೆ ವಾನ್ ಮಿಲ್ಲರ್ ಎದುರು ಸೋತಿದ್ದ ಅದೇ ರೆಮ್ಮರ್ಸ್. ಬಲ ತುದಿಗೆ ಬಂದವರು ಗಾರ್ಡ್ ಆಗಿದ್ದ ಆಂಡ್ರೂ ವೈಲಿ. ಟ್ಯಾಂಪಾ ಬೇ 31–9ರಿಂದ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 29 ಸಲ ಒತ್ತಡಕ್ಕೆ ಸಿಕ್ಕಿ ಹಿಂದೆ ಮುಂದೆ ಓಡಿದರು. ಸ್ಯಾಕ್ ಆದದ್ದು ಮೂರೇ. ಬರೀ ಸ್ಯಾಕ್ ಎಣಿಸಿದವರಿಗೆ ಆ ರಾತ್ರಿ ಲೈನ್ ತಕ್ಕಮಟ್ಟಿಗೆ ಆಡಿತೆಂದೇ ಅನಿಸಬೇಕು!

ತಂಡ ಒಂದೇ ಬೇಸಿಗೆಯಲ್ಲಿ ಐದೂ ಜಾಗ ಬದಲಿಸಿತು. ಓಟದಲ್ಲಿ ನಪಾಸಾಗಿದ್ದ ಬ್ರೌನ್ ಅವರನ್ನು ಬಾಲ್ಟಿಮೋರ್‌ನಿಂದ ತಂದು ಎಡ ಟ್ಯಾಕಲ್ ಮಾಡಿತು. ನ್ಯೂ ಇಂಗ್ಲೆಂಡ್‌ನಿಂದ ಗಾರ್ಡ್ ಜೋ ಥೂನಿ ಬಂದರು. ಎರಡನೆಯ ಸುತ್ತಿನಲ್ಲಿ ಸೆಂಟರ್ ಕ್ರೀಡ್ ಹಂಫ್ರಿ ಸಿಕ್ಕರು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಇತಿಹಾಸಕ್ಕೆ ಹೆದರಿ ಉಳಿದವರು ಮುಟ್ಟದ ಟ್ರೇ ಸ್ಮಿತ್ ಆರನೆಯ ಸುತ್ತಿನಲ್ಲಿ, 226ನೆಯ ಆಯ್ಕೆಯಾಗಿ ದೊರೆತರು. 2023ರ ಫೆಬ್ರವರಿಯಲ್ಲಿ ಇವರೆದುರು ನಿಂತದ್ದು ಆ ಋತುವಿನಲ್ಲಿ 70 ಸ್ಯಾಕ್ ಮಾಡಿದ್ದ ಫಿಲಡೆಲ್ಫಿಯಾ. ಚೀಫ್ಸ್ 38–35ರಿಂದ ಗೆದ್ದಿತು, ಮಹೋಮ್ಸ್ ಒಂದು ಸಲವೂ ಸ್ಯಾಕ್ ಆಗಲಿಲ್ಲ. ಬಲ ಟ್ಯಾಕಲ್ ಆಗಿದ್ದವರು ಅದೇ ವೈಲಿ. ಆ ದಿನ ಹುಲ್ಲು ಜಾರುತ್ತಿತ್ತು, ದಾಳಿಕಾರರ ಕಾಲು ನಿಲ್ಲುತ್ತಿರಲಿಲ್ಲ ಎಂಬುದನ್ನೂ ಪ್ರಾಮಾಣಿಕ ಪರೀಕ್ಷಕ ಪಕ್ಕದಲ್ಲಿ ಬರೆದುಕೊಳ್ಳಬೇಕು.

2024ರ ಋತುವಿನ ಹೊತ್ತಿಗೆ ಬ್ರೌನ್ ತಂಡ ಬಿಟ್ಟಿದ್ದರು, ಚೀಫ್ಸ್‌ಗೆ ನೆಚ್ಚಬಹುದಾದ ಎಡ ಟ್ಯಾಕಲ್ ಇರಲಿಲ್ಲ. ಪ್ರಯತ್ನಿಸಿದ ಯುವಕರು ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಥೂನಿ ಅವರನ್ನೇ ಆ ತುದಿಗೆ ಸರಿಸಿದರು. 2023 ಮತ್ತು 2024ರಲ್ಲಿ ಆಲ್-ಪ್ರೊ ಮೊದಲ ತಂಡದ ಗಾರ್ಡ್, ಲೀಗ್‌ನಲ್ಲೇ ಅತ್ಯಂತ ನೆಚ್ಚಿಕೆಯ ಆಳು. ತೋಳು ಮಾತ್ರ 33 ಇಂಚಿಗಿಂತ ಗಿಡ್ಡ. ಗಾರ್ಡ್ ಜಾಗದಲ್ಲಿ ಎರಡೂ ಪಕ್ಕ ಜನರಿರುತ್ತಾರೆ, ಗಿಡ್ಡ ತೋಳು ತೊಂದರೆ ಕೊಡುವುದಿಲ್ಲ. ತುದಿಯಲ್ಲಿ ಹೊರಗೆಲ್ಲ ಬಯಲು. ಕೆಲವು ವಾರ ನಡೆಯಿತು. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಫಿಲಡೆಲ್ಫಿಯಾ ಎದುರಾಯಿತು. ಹೆಚ್ಚುವರಿ ಆಳನ್ನು ಒಮ್ಮೆಯೂ ಕಳಿಸದೆ, ನಾಲ್ವರು ಮುಂಚೂಣಿ ದಾಳಿಕಾರರಿಂದಲೇ ಮಹೋಮ್ಸ್ ಅವರನ್ನು ಆರು ಸಲ ಕೆಡವಿತು. ಪಂದ್ಯ 40–22. ಒಬ್ಬ ಗಾರ್ಡ್ ಹೊರಟ ಕಡೆ ಎರಡು ಜಾಗ ಸಡಿಲಾಗಿದ್ದವು: ಅವರು ಬಿಟ್ಟದ್ದು, ಅವರು ಹೋದದ್ದು.

ಆ ಮಾರ್ಚ್‌ನಲ್ಲಿ ಚೀಫ್ಸ್ ಥೂನಿ ಅವರನ್ನು ಶಿಕಾಗೊ ಬೇರ್ಸ್‌ಗೆ ಬಿಟ್ಟುಕೊಟ್ಟು, ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಒಹಾಯೊ ಸ್ಟೇಟ್‌ನ ಎಡ ಟ್ಯಾಕಲ್ ಜಾಶ್ ಸಿಮ್ಮನ್ಸ್ ಅವರನ್ನು 32ನೆಯ ಆಯ್ಕೆಯಾಗಿ ಪಡೆಯಿತು. ಆರು ತಿಂಗಳ ಹಿಂದೆ ಮೊಣಕಾಲಿನ ಸ್ನಾಯುರಜ್ಜು ಹರಿಯದಿದ್ದರೆ ಅವರು ಅಷ್ಟು ಹಿಂದಕ್ಕೆ ಉಳಿಯುತ್ತಿರಲಿಲ್ಲ. ಶಿಕಾಗೊ ಥೂನಿ ಅವರನ್ನು ಎಡ ಗಾರ್ಡ್ ಜಾಗದಲ್ಲಿ ನಿಲ್ಲಿಸಿತು.